ರೇಟು ಬಿದ್ದ ವರ್ಷದ ಮನೆಲೆಕ್ಕ

ಆರ್ಥಿಕ ಹಿಂಜರಿತದ ಸುದ್ದಿ ದೆಹಲಿಯ ಅಂಕಿ-ಅಂಶಗಳಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಕೋಲಾರ ಜಿಲ್ಲೆಯ ಮನೆಗಳಲ್ಲಿ ಅದು ಹಳೆಯದಾಗಿರುತ್ತದೆ. ಇಲ್ಲಿ ಅದಕ್ಕೆ ಆ ಹೆಸರೂ ಇಲ್ಲ. ಬಾಕ್ಸ್ ರೇಟು ಬಿತ್ತು, ಓಟಿ ನಿಲ್ಲಿಸಿಬಿಟ್ಟರು, ಫ್ಯಾಕ್ಟರಿಯವರು ಕಾಯಿ ತಗೊಳ್ತಿಲ್ಲ, ಇಟ್ಟಿಗೆ ಲೋಡ್ ಹೋಗ್ತಿಲ್ಲ: ಇಷ್ಟು ಮಾತು ಕಿವಿಗೆ ಬಿದ್ದರೆ ಸಾಕು, ಅಂಗಡಿಯವನು ಲೆಕ್ಕದ ಪುಸ್ತಕವನ್ನು ಮುಂದಕ್ಕೆ ಎಳೆದಿಟ್ಟುಕೊಳ್ಳುತ್ತಾನೆ.

ಇಂಥ ಕಾಲಕ್ಕೆಂದು ಬರೆಯುವ ಸಲಹೆಗಳು ಹೆಚ್ಚಾಗಿ ನಗರದ ಸಂಬಳದಾರರನ್ನು ನೋಡಿ ಬರೆದವು. ಹೋಟೆಲ್ ಊಟ ಬಿಡಿ, ಓಟಿಟಿ ಚಂದಾ ನಿಲ್ಲಿಸಿ, ಆರು ತಿಂಗಳ ಖರ್ಚನ್ನು ತುರ್ತುನಿಧಿಯಾಗಿ ತೆಗೆದಿಡಿ ಎನ್ನುತ್ತವೆ. ನಂಗಲಿ ಕಡೆಯ ಒಂದೆರಡು ಎಕರೆ ಟೊಮೆಟೊ, ಎರಡು ಸೀಮೆಹಸು, ನರಸಾಪುರದ ಕಾರ್ಖಾನೆಗೆ ಹೋಗುವ ಒಬ್ಬ ಮಗ, ಇಷ್ಟರಲ್ಲಿ ನಡೆಯುವ ಸಂಸಾರಕ್ಕೆ ಇದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸರಿ. ಆದರೆ ನಮ್ಮಲ್ಲಿ ಹಾಸಿಗೆಯ ಅಳತೆಯೇ ತಿಂಗಳಿಗೊಂದು.

ಅದಕ್ಕೇ ಮೊದಲು ಕುಸಿತ ಯಾವ ದಾರಿಯಿಂದ ಬರುತ್ತದೆ ಎಂದು ನೋಡಿಕೊಳ್ಳಬೇಕು. ಕೋಲಾರ, ಮುಳಬಾಗಿಲು ತಾಲ್ಲೂಕುಗಳಲ್ಲಿ ಅದು ಮಂಡಿಯಿಂದ ಬರುತ್ತದೆ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲು ಕಡೆಯವರಿಗೆ ವಡ್ಡಹಳ್ಳಿಯ ಮಾರುಕಟ್ಟೆಯೂ ಇದೆ. 2021ರ ಮೇ ಲಾಕ್‌ಡೌನಿನಲ್ಲಿ ಕೇಳುವವರಿಲ್ಲದೆ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2023ರ ಜುಲೈ ಕೊನೆಯಲ್ಲಿ ಅದೇ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ ₹2,000 ದಾಟಿತು, ಸೆಪ್ಟೆಂಬರಿಗೆಲ್ಲ ಮತ್ತೆ ನೆಲ ಕಚ್ಚಿತು. ರೇಟು ಎಷ್ಟೇ ಇಳಿಯಲಿ, ಬಿಡಿಸುವ ಕೂಲಿ, ಬಾಕ್ಸಿನ ಬಾಡಿಗೆ, ಗಾಡಿ ಬಾಡಿಗೆ ಇಳಿಯುವುದಿಲ್ಲ. ಅದರ ಜೊತೆ ಇಳಿಯುವುದು ಮಂಡಿಯವರ ಕಮಿಷನ್ ಒಂದೇ. ಆದ್ದರಿಂದ ಬೆಲೆ ಅರ್ಧಕ್ಕೆ ಬಂದರೆ ಮನೆಗೆ ಬರುವ ದುಡ್ಡು ಅರ್ಧವಾಗುವುದಿಲ್ಲ, ಕಾಲು ಭಾಗವೋ ಸೊನ್ನೆಯೋ ಆಗುತ್ತದೆ.

ಶ್ರೀನಿವಾಸಪುರದ ಕಥೆ ಇನ್ನೂ ಬಿಗಿ. ಮಾವಿನ ತೋಟದ ದುಡ್ಡು ವರ್ಷಕ್ಕೊಮ್ಮೆ ಬರುವಂಥದ್ದು, ಅದರಲ್ಲೂ ತೋತಾಪುರಿ ಬೆಳೆದವರು ಗಡಿಯಾಚೆಯ ತಿರುಳು ಕಾರ್ಖಾನೆಗಳನ್ನು ನಂಬಿದವರು. 2025ರಲ್ಲಿ ಫಸಲು ಹೆಚ್ಚಾಯಿತು, ಕಾರ್ಖಾನೆಗಳ ಬೇಡಿಕೆ ಕುಗ್ಗಿತು. ಆಂಧ್ರ ಸರ್ಕಾರ ತನ್ನ ರೈತರಿಗೆ ಕಿಲೋಗೆ ₹4 ಸೇರಿಸಿ ಕೊಡಲು ಮುಂದಾಯಿತು. ಆ ಲಾಭಕ್ಕೆ ನಮ್ಮ ಕಡೆಯ ಕಾಯಿ ನುಗ್ಗಬಾರದೆಂದು ಚಿತ್ತೂರು ಜಿಲ್ಲಾಡಳಿತ ಜೂನ್ 7ರಂದು ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು, ಕೊನೆಗೆ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಕೇಂದ್ರ ಒಪ್ಪಿತು. ಒಪ್ಪಿಗೆ ಬರುವ ಹೊತ್ತಿಗೆ ಎಷ್ಟೋ ಕಾಯಿ ಮರದಡಿಯಲ್ಲೇ ಕೊಳೆತಿತ್ತು ಎನ್ನುವುದು ಬೇರೆ ಮಾತು. ಒಂದು ಜಿಲ್ಲೆಯ ಆದೇಶ ಇನ್ನೊಂದು ರಾಜ್ಯದ ತಾಲ್ಲೂಕಿನ ಮದುವೆಗಳನ್ನು ಮುಂದಕ್ಕೆ ಹಾಕಿಸಬಲ್ಲದು ಎಂಬುದನ್ನು ಯಾವ ಅರ್ಥಶಾಸ್ತ್ರದ ಪಠ್ಯವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಮಾಲೂರಿಗೆ ಕುಸಿತ ಬರುವುದು ಬೆಂಗಳೂರಿನಿಂದ. ಅಲ್ಲಿ ಕಟ್ಟಡ ನಿಂತರೆ ಇಲ್ಲಿ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆ, ಟೇಕಲ್ಲಿನ ಕಲ್ಲಿನ ಕೆಲಸ ನಿಲ್ಲುತ್ತವೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಮೊದಲು ಹೋಗುವುದು ಕೆಲಸವಲ್ಲ, ಓಟಿ. ಆಮೇಲೆ ಗುತ್ತಿಗೆಯವರು, ಕೊನೆಗೆ ಕಾಯಂನವರು.

ಕಂತಿಗೆ ಕ್ಯಾಲೆಂಡರ್ ಬೇರೆ

ಹಾಲಿನ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ. ಸಂಬಳ ತಿಂಗಳಿಗೊಮ್ಮೆ. ಟೊಮೆಟೊ ಕೊಯ್ಲು ಶುರುವಾದ ಮೇಲೆ ದಿನ ಬಿಟ್ಟು ದಿನ, ಮುಗಿದ ಮೇಲೆ ಏನೂ ಇಲ್ಲ. ಮಾವು ವರ್ಷಕ್ಕೊಮ್ಮೆ. ಆದರೆ ಸಂಘದ ಕಂತು ಮಾತ್ರ ವಾರ ವಾರ, ಮಳೆ ಬರಲಿ ರೇಟು ಬೀಳಲಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ಸಂಸಾರಗಳು ಮುಗ್ಗರಿಸುವುದು ಅಡುಗೆಮನೆಯ ಖರ್ಚಿನಿಂದಲ್ಲ, ದುಡ್ಡು ಬರುವ ದಿನಕ್ಕೂ ಕಂತು ಕಟ್ಟುವ ದಿನಕ್ಕೂ ತಾಳೆಯಾಗದೆ. ಆದರೂ ಕತ್ತರಿ ಮೊದಲು ಬೀಳುವುದು ಅಡುಗೆಮನೆಗೇ, ಏಕೆಂದರೆ ಅಲ್ಲಿ ಕೇಳುವವರಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮದನ್ನು ನೀವು ತುಂಬಿಕೊಳ್ಳಿ. ಮಗನ ಸಂಬಳ ಓಟಿ ಸೇರಿ ₹16,000, ಹಾಲಿನಿಂದ ₹9,000, ಗೃಹಲಕ್ಷ್ಮಿ ₹2,000, ಒಟ್ಟು ₹27,000. ಹೋಗುವುದರಲ್ಲಿ ಎರಡು ಕಡೆಯ ವಾರದ ಕಂತು ₹700 ಮತ್ತು ₹650, ಅಂದರೆ ನಾಲ್ಕು ವಾರಕ್ಕೆ ₹5,400. ಬೈಕಿನ ಕಂತು ₹3,300, ಚೀಟಿ ₹2,500. ಇವಿಷ್ಟೇ ₹11,200, ಬಂದದ್ದರಲ್ಲಿ ಶೇ 41. ಬೂಸ, ಹಿಂಡಿಗೆ ₹4,000 ಹೋದರೆ ಕೈಯಲ್ಲಿ ₹11,800 ಉಳಿಯುತ್ತದೆ. ಕಷ್ಟ, ಆದರೆ ನಡೆಯುತ್ತದೆ.

ಈಗ ಓಟಿ ನಿಂತಿತು, ₹4,000 ಹೋಯಿತು. ಗೃಹಲಕ್ಷ್ಮಿ ದುಡ್ಡು ಆ ತಿಂಗಳು ಖಾತೆಗೆ ಬೀಳಲಿಲ್ಲ. ಉಳಿದದ್ದು ₹21,000. ಕಂತು, ಚೀಟಿ, ಬೂಸ ಕಳೆದರೆ ₹5,800. ಆದಾಯ ಇಳಿದದ್ದು ಶೇ 22, ಆದರೆ ಊಟ, ಔಷಧಿ, ಫೀಸು, ರೀಚಾರ್ಜು, ಪೆಟ್ರೋಲಿಗೆ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಸಂಘದ ವಾರ ಸೋಮವಾರವಾಗಿ, ಆ ತಿಂಗಳಲ್ಲಿ ಐದು ಸೋಮವಾರ ಬಂದರೆ ಇನ್ನೂ ₹1,350 ಖೋತಾ, ಉಳಿಯುವುದು ₹4,450. ವರ್ಷದಲ್ಲಿ ಇಂಥ ತಿಂಗಳು ನಾಲ್ಕಾದರೂ ಬರುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವನ್ನು ಮೊದಲೇ ಗುರುತು ಹಾಕಿಕೊಳ್ಳಿ. ಕೈಸಾಲ ಹುಟ್ಟುವುದು ಹೆಚ್ಚಾಗಿ ಆ ತಿಂಗಳುಗಳಲ್ಲಿ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ ₹3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಮರುಪಾವತಿ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಒಳ್ಳೆಯ ನಿಯಮವೇ. ಆದರೆ ಲೆಕ್ಕ ಹಾಕುವುದು ಸಾಲ ಕೊಡುವ ದಿನದ ಆದಾಯಕ್ಕೆ. ಓಟಿ ಇದ್ದ ತಿಂಗಳಲ್ಲಿ, ಬಾಕ್ಸಿಗೆ ರೇಟು ಇದ್ದ ತಿಂಗಳಲ್ಲಿ ಬರೆಸಿದ ಆದಾಯ ಅದು. ಹಾಗಾಗಿ ನೀವೇ ಇನ್ನೊಂದು ಮಿತಿ ಹಾಕಿಕೊಳ್ಳುವುದು ಕ್ಷೇಮ: ಕಳೆದ ವರ್ಷದ ಅತಿ ಬಡ ತಿಂಗಳಲ್ಲಿ ಎಷ್ಟು ಬಂದಿತ್ತೋ ಅದರ ಮೂರನೇ ಒಂದು ಭಾಗದೊಳಗೆ ಕಂತುಗಳೆಲ್ಲ ಇರಲಿ. ಆ ಲೆಕ್ಕಕ್ಕೆ ಬರದ ಸಾಲವನ್ನು ಪಕ್ಕದ ಮನೆಯವರು ತಗೊಂಡರೆಂದು ತಗೊಳ್ಳಬೇಡಿ.

ಇದು ಬರಿ ಬುದ್ಧಿವಾದವಲ್ಲ, ಕೋಲಾರಕ್ಕೆ ಈ ವಿಷಯದಲ್ಲಿ ಇತಿಹಾಸವಿದೆ. 2009ರಲ್ಲಿ, ಜಗತ್ತಿನಾದ್ಯಂತ ಆರ್ಥಿಕ ಕುಸಿತವಿದ್ದ ಕಾಲದಲ್ಲಿ, ರೇಷ್ಮೆ ಕೆಲಸ ಕುಗ್ಗಿ ಕೋಲಾರ ಪಟ್ಟಣದಲ್ಲಿ ಮೈಕ್ರೋಫೈನಾನ್ಸ್ ಕಂತು ಕಟ್ಟುವುದೇ ಸಾಮೂಹಿಕವಾಗಿ ನಿಂತುಹೋಯಿತು. ಒಂದೇ ಮನೆಗೆ ಹಲವು ಸಂಸ್ಥೆಗಳು ಸಾಲ ಕೊಟ್ಟಿದ್ದವು. ಒಂದರ ಕಂತಿಗೆ ಇನ್ನೊಂದರ ಸಾಲ. ಮರುವರ್ಷ ಆಂಧ್ರದಲ್ಲಿ ಆದ ದೊಡ್ಡ ಬಿಕ್ಕಟ್ಟಿಗೆ ಮುನ್ನವೇ ನಮ್ಮಲ್ಲಿ ನಡೆದದ್ದು ಇದು, ಸಾಲದ ಅಧ್ಯಯನಗಳಲ್ಲಿ ಕೋಲಾರದ ಹೆಸರು ಉಳಿದದ್ದೂ ಇದರಿಂದ. ಇಂಥ ಕಡೆ ಸಾಲ ಕೊಡುವವರು ಜಾಗ ಖಾಲಿ ಮಾಡಿದರೆ, ಒಂದು ಕಂತೂ ತಪ್ಪಿಸದಿದ್ದವರಿಗೂ ಮುಂದೆ ಸಾಲ ಹುಟ್ಟುವುದಿಲ್ಲ.

ಸಾರು ತಿಳಿಯಾಗುವ ಬಗೆ

ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಎಂಬ ಅಂಕಿ-ಅಂಶ ತಜ್ಞ 1857ರಲ್ಲೇ ಹೇಳಿದ್ದ: ಆದಾಯ ಕಡಿಮೆ ಇದ್ದಷ್ಟೂ ಖರ್ಚಿನಲ್ಲಿ ಊಟದ ಪಾಲು ದೊಡ್ಡದು. ನಮ್ಮ ದೇಶದ ಮನೆಖರ್ಚಿನ ಸಮೀಕ್ಷೆಗಳೂ ಅದನ್ನೇ ತೋರಿಸುತ್ತವೆ. 1999-2000ರಲ್ಲಿ ಹಳ್ಳಿಯ ಖರ್ಚಿನಲ್ಲಿ ಊಟದ ಪಾಲು ಶೇ 59ರಷ್ಟಿತ್ತು, 2023-24ಕ್ಕೆ ಶೇ 47ಕ್ಕೆ ಇಳಿದಿತ್ತು. ಆ ವರ್ಷ ಹಳ್ಳಿಯಲ್ಲಿ ತಲೆಗೆ ತಿಂಗಳ ಸರಾಸರಿ ಖರ್ಚು ₹4,122. ಗಮನಿಸಬೇಕಾದ್ದು ಇನ್ನೊಂದಿದೆ. ಈಗ ಹಳ್ಳಿಯಲ್ಲೂ ಅಕ್ಕಿ, ರಾಗಿ, ಗೋಧಿಗೆ ಹೋಗುವುದಕ್ಕಿಂತ ಕುರುಕಲು, ಬಿಸ್ಕತ್ತು, ಕಾಫಿ, ಟೀ, ಹೋಟೆಲ್ ತಿಂಡಿಗೆ ಹೋಗುವುದು ಹೆಚ್ಚು. ಶೇ 10ರ ಹತ್ತಿರ. ಪಡಿತರದ ಅಕ್ಕಿ, ರಾಗಿ ಇರುವುದರಿಂದ ಧಾನ್ಯಕ್ಕೆ ದುಡ್ಡು ಹೋಗುವುದೇ ಕಡಿಮೆ.

ಹಾಗಾದರೆ ಕಷ್ಟಕಾಲಕ್ಕೆ ಕುರುಕಲು ನಿಲ್ಲಬೇಕಲ್ಲವೇ? ಅಷ್ಟು ಸುಲಭವಲ್ಲ. 2019ರ ಆಗಸ್ಟಿನಲ್ಲಿ ₹5ರ ಬಿಸ್ಕತ್ತಿಗೂ ಗಿರಾಕಿ ಕಡಿಮೆಯಾಗಿ 10,000 ಜನರ ಕೆಲಸ ಹೋಗಬಹುದೆಂದು ಪಾರ್ಲೆ ಕಂಪನಿ ಹೇಳಿತ್ತು. ಮರುವರ್ಷ ಲಾಕ್‌ಡೌನಿನಲ್ಲಿ ಅದೇ ಪಾರ್ಲೆ-ಜಿ ಹಿಂದೆಂದೂ ಇಲ್ಲದಷ್ಟು ಮಾರಾಟವಾಯಿತು. ನಿಧಾನವಾಗಿ ಕೈ ಕಟ್ಟುತ್ತಾ ಬಂದಾಗ ಜನ ಬಿಸ್ಕತ್ತು ಬಿಡುತ್ತಾರೆ. ಒಂದೇ ಸಲ ಎಲ್ಲ ನಿಂತಾಗ ಬಿಸ್ಕತ್ತನ್ನೇ ಊಟ ಮಾಡಿಕೊಳ್ಳುತ್ತಾರೆ. ಎರಡೂ ಕುಸಿತವೇ, ಅಂಗಡಿಯಲ್ಲಿ ಕಾಣುವ ಲಕ್ಷಣ ಮಾತ್ರ ತಿರುಗಾಮುರುಗಾ.

ನಮ್ಮ ಅಡುಗೆಮನೆಯಲ್ಲಿ ಅದು ಹೀಗೆ ಕಾಣುತ್ತದೆ. ಮುದ್ದೆ ನಿಲ್ಲುವುದಿಲ್ಲ. ಸಾರಿನಲ್ಲಿ ಮೊದಲು ತೊಗರಿಬೇಳೆ ಕಡಿಮೆಯಾಗಿ ನೀರು ಹೆಚ್ಚಾಗುತ್ತದೆ. ಆಮೇಲೆ ಬೇಳೆಯ ಸಾರು ವಾರಕ್ಕೆರಡಾಗಿ ಉಪ್ಸಾರು, ಸೊಪ್ಪಿನ ಸಾರು ದಿನವಾಗುತ್ತವೆ. ಒಂದು ಲೀಟರಿನ ಎಣ್ಣೆ ಪ್ಯಾಕೆಟ್ ಹೋಗಿ ಅರ್ಧ ಲೀಟರ್ ಬರುತ್ತದೆ. ತಿಂಗಳ ಸಾಮಾನು ತರುತ್ತಿದ್ದ ಮನೆ ದಿನದ ಸಾಮಾನಿಗೆ ಇಳಿಯುತ್ತದೆ. ಇದು ನಷ್ಟದ ದಾರಿ, ಚೂರು ಚೂರು ಕೊಂಡವರಿಗೆ ಕಿಲೋ ಲೆಕ್ಕದಲ್ಲಿ ದುಬಾರಿ ಬೀಳುತ್ತದೆ. ಕೈಯಲ್ಲಿರುವುದು ಕಡಿಮೆ ಇದ್ದರೂ ಬಟವಾಡೆ ಬಂದ ದಿನವೇ ಬೇಳೆ, ಎಣ್ಣೆ, ಬೆಲ್ಲ, ಮೆಣಸಿನಕಾಯಿ ಈ ನಾಲ್ಕನ್ನಾದರೂ ಒಟ್ಟಿಗೆ ತಂದುಬಿಡಿ. ಉಳಿದದ್ದು ಉದ್ರಿಯಲ್ಲಿ ಬಂದರೂ ಚಿಂತೆಯಿಲ್ಲ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಕೋಲಾರದ ಸಗಟು ಅಂಗಡಿಗೆ ಹೋಗಿಬರಲು ಚಾರ್ಜಿನ ಅಡ್ಡಿಯಿಲ್ಲ. ನಾಲ್ಕು ಮನೆಯವರು ಸೇರಿ ಒಂದು ಮೂಟೆ ತಂದು ಹಂಚಿಕೊಂಡರೆ ಇನ್ನೂ ಅಗ್ಗ. ಬಾಡಿನ ವಿಷಯಕ್ಕೆ ಈ ಉಪಾಯ ನಮಗೆ ಹೊಸದಲ್ಲ. ಊರವರು ಸೇರಿ ಮರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುವುದು ಹೊಸತೊಡಕಿಗೆ ನಡೆದೇ ಇದೆ. ಬೇಳೆಗೆ ಯಾಕೆ ಹಾಗೆ ಮಾಡುವುದಿಲ್ಲವೋ ನನಗಂತೂ ತಿಳಿಯದು.

ಬೇಳೆಗೆ ಬದಲಿ ನಮ್ಮ ಹೊಲದಲ್ಲೇ ಇದೆ: ಹುರುಳಿ, ಅಲಸಂದೆ, ಚಳಿಗಾಲದಲ್ಲಿ ಅವರೆ. ಹುರುಳಿ ಬಸ್ಸಾರು ಬಡವರ ಸಾರೆಂದು ಮೂಗು ಮುರಿಯುವವರು ಅದನ್ನೇ ಬೆಂಗಳೂರಿನ ಹೋಟೆಲಿನಲ್ಲಿ ದುಡ್ಡು ಕೊಟ್ಟು ತಿನ್ನುತ್ತಾರೆ.

ಕತ್ತರಿ ಬೀಳಲೇಬಾರದ ಒಂದು ಜಾಗವಿದೆ, ಅದು ಹಾಲು. ದುಡ್ಡಿಗೆ ಬಿಗಿಯಾದ ತಿಂಗಳು ಮನೆಗೆಂದು ಇಟ್ಟುಕೊಳ್ಳುತ್ತಿದ್ದ ಒಂದು ಲೀಟರೂ ಡೇರಿಯ ಕ್ಯಾನಿಗೆ ಹೋಗುತ್ತದೆ. ಡೇರಿಯವರ ಪುಸ್ತಕದಲ್ಲಿ ಆ ತಿಂಗಳು ಆ ಮನೆಯ ಹಾಲು ಹೆಚ್ಚಾದಂತೆ ಕಾಣುತ್ತದೆ. ಹಸು ಜಾಸ್ತಿ ಕರೆದದ್ದಲ್ಲ, ಮಕ್ಕಳ ಲೋಟ ಖಾಲಿಯಾದದ್ದು. ಲೀಟರಿಗೆ ಸರ್ಕಾರದ ₹5 ಪ್ರೋತ್ಸಾಹಧನ ಸೇರಿಸಿದರೂ ಅದರಿಂದ ಬರುವುದು ತಿಂಗಳಿಗೆ ಸಾವಿರದ ಚಿಲ್ಲರೆ. ಅಷ್ಟನ್ನು ಬೇರೆಲ್ಲಿಂದಾದರೂ ಹೊಂದಿಸಿ. ಸರ್ಕಾರಿ ಶಾಲೆಯ ಬಿಸಿಯೂಟ, ಕ್ಷೀರಭಾಗ್ಯದ ಹಾಲು, 2024ರಿಂದ ವಾರಕ್ಕೆ ಆರು ದಿನ ಸಿಗುತ್ತಿರುವ ಮೊಟ್ಟೆ, ಇವು ಕಷ್ಟದ ವರ್ಷದಲ್ಲಿ ಮನೆಗೆ ದೊಡ್ಡ ಆಸರೆ. ಕೊಯ್ಲಿನ ಕೂಲಿ ಉಳಿಸಲು ಮಗುವಿನ ಶಾಲೆ ಬಿಡಿಸಿದರೆ ಆ ಮೊಟ್ಟೆ, ಆ ಊಟವೂ ಹೋಗುತ್ತದೆ.

ಅಡುಗೆಮನೆಯಲ್ಲಿ ಕೊನೆಗೆ ಉಣ್ಣುವವಳ ತಟ್ಟೆಯನ್ನೂ ನೋಡಿ. ಸಾರು ತಿಳಿಯಾಗುವುದು ಎಲ್ಲರಿಗೂ, ತಳದಲ್ಲಿ ಸಾರೇ ಉಳಿಯದಿರುವುದು ಅವಳೊಬ್ಬಳಿಗೆ.

ಕಾಣುವ ಖರ್ಚು, ಕಾಣದ ಖರ್ಚು

ಕುಸಿತದ ಕಾಲದಲ್ಲಿ ಮನೆಗಳು ಖರ್ಚು ಕಡಿತ ಮಾಡುವ ಕ್ರಮದಲ್ಲಿ ಒಂದು ವಿಚಿತ್ರವಿದೆ. ಹೊರಗಿನವರಿಗೆ ಕಾಣದ್ದು ಮೊದಲು ಹೋಗುತ್ತದೆ, ಕಾಣುವುದು ಕೊನೆಗೆ. ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥನಾಗಿದ್ದ ಅಲನ್ ಗ್ರೀನ್‌ಸ್ಪಾನ್ ಗಂಡಸರ ಚಡ್ಡಿಯ ಮಾರಾಟ ನೋಡಿ ಆರ್ಥಿಕತೆ ಅಳೆಯುತ್ತಿದ್ದನಂತೆ. ಯಾರಿಗೂ ಕಾಣದ ಬಟ್ಟೆಯಾದ್ದರಿಂದ ಜನ ಅದನ್ನು ಕೊಳ್ಳುವುದನ್ನು ಮೊದಲು ಮುಂದೂಡುತ್ತಾರೆ ಎಂದು. ನಗು ಬರಬಹುದು, ಆದರೆ ನಮ್ಮಲ್ಲಿ ಆ ಪಟ್ಟಿಗೆ ಸೇರುವುದು ಚಡ್ಡಿಯಷ್ಟೇ ಅಲ್ಲ. ಅಪ್ಪನ ಬಿಪಿ ಮಾತ್ರೆ ದಿನ ಬಿಟ್ಟು ದಿನವಾಗುತ್ತದೆ. ವಿಮೆಯ ಕಂತು ನಿಲ್ಲುತ್ತದೆ. ಹಲ್ಲು ನೋವು ಲವಂಗದಲ್ಲಿ ಮುಗಿಯುತ್ತದೆ. ಮುಯ್ಯಿ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಅದು ಇನ್ನೊಬ್ಬರ ಪುಸ್ತಕದಲ್ಲಿ ಬರೆದಿದೆ.

ಮಾತ್ರೆಯ ವಿಷಯದಲ್ಲಿ ದಾರಿಗಳಿವೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೇಳಿ. ಇಲ್ಲದಿದ್ದರೆ ಜನೌಷಧಿ ಅಂಗಡಿಗೆ ಹೋಗಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಿಫಾರಸು ಪಡೆಯಬೇಕು. ನೇರ ಖಾಸಗಿ ಆಸ್ಪತ್ರೆಗೆ ಓಡಿದವರೇ ಒಡವೆ ಅಡವಿಡುವುದು. ಹಾಲಿನ ಡೇರಿ, ಸೊಸೈಟಿಗಳ ಸದಸ್ಯರಿಗೆ ಯಶಸ್ವಿನಿ ಯೋಜನೆ 2022-23ರಲ್ಲಿ ಮತ್ತೆ ಬಂತು. ಗ್ರಾಮೀಣ ಸಹಕಾರಿಗಳಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ₹500 ಶುಲ್ಕ ಇಟ್ಟಿದ್ದರು. ನೋಂದಣಿಗೆ ದಿನ ಗೊತ್ತಾಗಿರುತ್ತದೆ, ಡೇರಿಯ ಕಾರ್ಯದರ್ಶಿಯನ್ನು ಕೇಳಿ ತಪ್ಪದೆ ಕಟ್ಟಿ. ಎಲ್ಲ ನಿಲ್ಲಿಸಿದ ವರ್ಷವೂ ಈ ಒಂದನ್ನು ನಿಲ್ಲಿಸಬೇಡಿ.

ಜೀವ ವಿಮೆಯ ಕಂತು ತಿಂಗಳ ಲೆಕ್ಕದ್ದಾದರೆ 15 ದಿನ, ಅರ್ಧ ವರ್ಷ ಅಥವಾ ವರ್ಷದ್ದಾದರೆ 30 ದಿನ ಹೆಚ್ಚುವರಿ ಅವಧಿ ಇರುತ್ತದೆ. ಫಸಲಿನ ಮನೆಯವರು ವರ್ಷದ ಕಂತಿಗೆ ಬದಲಿಸಿಕೊಂಡು ಅದನ್ನು ಕೊಯ್ಲಿನ ತಿಂಗಳಿಗೆ ಹೊಂದಿಸಿಕೊಳ್ಳಬಹುದು. ಬೆಳೆ ವಿಮೆಯ ಬಗ್ಗೆ ಒಂದು ಎಚ್ಚರ: ಮಾವಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಮಳೆ, ಬಿಸಿಲು ಕೆಟ್ಟರೆ ಅದು ಕೊಡುತ್ತದೆ, ರೇಟು ಕೆಟ್ಟರೆ ಇಲ್ಲ.

ಶಾಲೆಯ ಫೀಸು ಕಾಣುವ ಖರ್ಚು. ವ್ಯಾನು ಮನೆ ಮುಂದೆ ಬಂದು ನಿಲ್ಲುವುದು ನಿಂತರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಆದರೂ ಕೊರೊನಾ ವರ್ಷಗಳಲ್ಲಿ ಜನ ಮನಸ್ಸು ಗಟ್ಟಿ ಮಾಡಿದರು: ದೇಶದ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗೆ ಸೇರಿದ ಮಕ್ಕಳ ಪ್ರಮಾಣ 2018ರ ಶೇ 64ರಿಂದ 2021ಕ್ಕೆ ಶೇ 70 ದಾಟಿತೆಂದು ಅಸರ್ ಶಿಕ್ಷಣ ಸಮೀಕ್ಷೆ ಹೇಳಿತು. ಬದಲಿಸುವುದಿದ್ದರೆ ಶಾಲೆ ಶುರುವಾಗುವ ಮುಂಚೆ ಬದಲಿಸಿ. ಅರ್ಧ ವರ್ಷ ಫೀಸು ಬಾಕಿ ಉಳಿಸಿಕೊಂಡು ಆಮೇಲೆ ವರ್ಗಾವಣೆ ಪತ್ರಕ್ಕೆ ಅಲೆಯುವುದು ಮಗುವಿಗೂ ಅವಮಾನ, ನಿಮಗೂ ನಷ್ಟ.

ಮುಯ್ಯಿಗೆ ನನ್ನ ಬಳಿ ಪರಿಹಾರವಿಲ್ಲ. ಹತ್ತಿರದವರಿಗೆ ಕೊಡಿ, ದೂರದವರ ಮದುವೆಗೆ ಊಟದ ಹೊತ್ತಿಗೆ ಮುಂಚೆ ಹೋಗಿ ಅಕ್ಷತೆ ಹಾಕಿ ಬನ್ನಿ.

ಯಾರಿಗೆ ಮೊದಲು ಕಟ್ಟಬೇಕು

ಕೈಯಲ್ಲಿ ಇರುವುದು ಎಲ್ಲರಿಗೂ ಸಾಲದಾದಾಗ ನಾವು ಮೊದಲು ಕಟ್ಟುವುದು ಜೋರು ಮಾಡುವವರಿಗೆ. ಜೋರು ಮಾಡದ ಸಹಕಾರಿ ಸೊಸೈಟಿ ಹಿಂದೆ ಬೀಳುತ್ತದೆ. ಇದು ಉಲ್ಟಾ ಆಗಬೇಕು. ಸೊಸೈಟಿಯ ಬೆಳೆ ಸಾಲಕ್ಕೆ, ಸ್ತ್ರೀಶಕ್ತಿ ಸಂಘಗಳ ಸಾಲಕ್ಕೆ ಬಡ್ಡಿ ಸೊನ್ನೆ ಇರುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ವಾಯಿದೆ ದಾಟಿದರೆ ಆ ಸೌಲಭ್ಯ ಹೋಗುತ್ತದೆ, ಮುಂದಿನ ಸಾಲವೂ ಕಷ್ಟ. ಊರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದ ಕೈಸಾಲವೆಂದರೆ ವರ್ಷಕ್ಕೆ ಶೇ 36. ಅದನ್ನು ಬೇಗ ತೀರಿಸಬೇಕು ನಿಜ, ಆದರೆ ಸೊಸೈಟಿಯ ವಾಯಿದೆ ಕಳೆದುಕೊಂಡು ಅಲ್ಲ. ಚುನಾವಣೆ ಹತ್ತಿರ ಬಂದಾಗಲೆಲ್ಲ ಸಾಲಮನ್ನಾದ ಮಾತು ಹಬ್ಬುತ್ತದೆ. ಆದೇಶ ಕಣ್ಣಿಗೆ ಕಾಣುವವರೆಗೆ ಆ ಮಾತನ್ನು ನಂಬಿ ಕಂತು ನಿಲ್ಲಿಸಬೇಡಿ.

ಕಂತು ಕಟ್ಟಲಾಗದೆ ಹೋದರೆ ತಪ್ಪಿಸಿಕೊಂಡು ತಿರುಗುವುದಕ್ಕಿಂತ ಮುಂಚೆಯೇ ಹೋಗಿ ಅವಧಿ ಹೆಚ್ಚಿಸಿ ಎಂದು ಬರೆದುಕೊಟ್ಟು ಕೇಳುವುದು ಮೇಲು. ಮುಂದೂಡಿದ ಕಂತಿಗೆ ಬಡ್ಡಿ ಬೆಳೆಯುತ್ತದೆ ಎಂಬುದು ನೆನಪಿರಲಿ. 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಕೊಟ್ಟ ವಿನಾಯಿತಿಯನ್ನು ಮನ್ನಾ ಎಂದುಕೊಂಡವರು ಆಮೇಲೆ ಕಂತುಗಳ ಸಂಖ್ಯೆ ನೋಡಿ ಬೆಚ್ಚಿದರು. ವಸೂಲಿಗೆ ಬರುವವರಿಗೂ ಕಟ್ಟಳೆ ಇದೆ. ಮೈಕ್ರೋಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡಿ ಪೀಡಿಸುವಂತಿಲ್ಲ. 2025ರ ಫೆಬ್ರುವರಿ 12ರಂದು ರಾಜ್ಯಪಾಲರ ಅಂಕಿತ ಬಿದ್ದ ರಾಜ್ಯದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಇಟ್ಟರು. ಮನೆ ಬಾಗಿಲಲ್ಲಿ ಕೂತು ಮಾನ ಕಳೆಯುವವರ ಮೇಲೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಸಾಲ ಮಾತ್ರ ಅದರಿಂದ ತೀರುವುದಿಲ್ಲ.

ಚೀಟಿಯ ಬಗ್ಗೆ ಒಂದು ಮಾತು. ಊರಿನ ಆರ್ಥಿಕ ಸ್ಥಿತಿ ತಿಳಿಯಲು ಚೀಟಿ ಕೂಗುವ ಜಾಗಕ್ಕೆ ಹೋಗಿ ಕೂತರೆ ಸಾಕು. ಎಲ್ಲರ ಕೈಯಲ್ಲೂ ಕಾಸಿರುವಾಗ ಯಾರಿಗೂ ಅವಸರವಿರುವುದಿಲ್ಲ, ಲಕ್ಷದ ಚೀಟಿ ತೊಂಬತ್ತರ ಮೇಲೆ ನಿಲ್ಲುತ್ತದೆ. ಹತ್ತು ಜನಕ್ಕೆ ಒಂದೇ ತಿಂಗಳು ದುಡ್ಡು ಬೇಕಾದಾಗ ಎಪ್ಪತ್ತಕ್ಕೂ ಎತ್ತುವವರಿರುತ್ತಾರೆ. ಕೂಗು ಹಾಗೆ ಆಳಕ್ಕೆ ಹೋಗುತ್ತಿದ್ದರೆ ಎತ್ತಿದವರು ಮುಂದೆ ಕಟ್ಟುತ್ತಾರೋ ಇಲ್ಲವೋ ಎಂದು ಯೋಚಿಸಬೇಕಾದ ಸಮಯ. ನೋಂದಣಿಯಾಗದ ಚೀಟಿಯಲ್ಲಿ ಕೊನೆಯವರೆಗೆ ಕಾದು ಪೂರ್ತಿ ತಗೊಳ್ಳುತ್ತೇನೆ ಎನ್ನುವ ಜಾಣರೇ ಇಂಥ ವರ್ಷ ಮುಳುಗುವುದು.

ಒಡವೆ ಅಡವಿಡುವುದು ಕೊನೆಯ ದಾರಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕೈಸಾಲಕ್ಕಿಂತ ಬ್ಯಾಂಕಿನ ಚಿನ್ನದ ಸಾಲ ಎಷ್ಟೋ ಅಗ್ಗ. ಪೆಟ್ಟಿಗೆಯಲ್ಲಿ ಒಡವೆ ಇಟ್ಟುಕೊಂಡು ಮೂರು ರೂಪಾಯಿ ಬಡ್ಡಿ ಕಟ್ಟುವುದು ಮರ್ಯಾದೆಗೆ ಕೊಡುವ ಬೆಲೆ, ಅಷ್ಟೇ. ಬ್ಯಾಂಕ್, ಹಣಕಾಸು ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಲು ಹೇಳಿದ ನಿಯಮದಲ್ಲಿ ₹2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರವರೆಗೆ ಕೊಡಬಹುದು. ಸಾಲ ತೀರಿಸಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸು ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ. ಆದರೆ ಶೇ 85 ಸಿಗುತ್ತದೆಂದು ಅಷ್ಟೂ ತೆಗೆದುಕೊಳ್ಳಬೇಡಿ. ಅರ್ಧ ತಗೊಂಡರೆ ಬಿಡಿಸಿಕೊಳ್ಳುವುದು ಸುಲಭ. ತೂಕ, ಶುದ್ಧತೆ ಬರೆದ ಚೀಟಿ ಕೇಳಿ ಪಡೆಯಿರಿ, ಒಡವೆಯ ಫೋಟೊ ಮೊಬೈಲಿನಲ್ಲಿ ಇರಲಿ.

ಹಸು ಮಾರುವ ಯೋಚನೆ ಬಂದರೆ ತಡೆಯಿರಿ. ಬೈಕು ಮಾರಬಹುದು, ಟಿವಿ ಮಾರಬಹುದು. ಮಾರುಕಟ್ಟೆಯೇ ಬಿದ್ದಿರುವಾಗ ಎಲ್ಲರೂ ಸಂತೆಗೆ ಹಸು ಹೊಡೆದುಕೊಂಡು ಬಂದಿರುತ್ತಾರೆ, ಬೆಲೆ ಸಿಗುವುದಿಲ್ಲ, ವಾರ ವಾರ ಬರುತ್ತಿದ್ದ ಒಂದೇ ಆದಾಯವೂ ಹೋಗುತ್ತದೆ. ಬೂಸ, ಹಿಂಡಿಯಲ್ಲಿ ಉಳಿತಾಯ ಮಾಡಲು ಹೋದರೂ ಅಷ್ಟೇ, ಎರಡೇ ವಾರದಲ್ಲಿ ಹಾಲು ಇಳಿದು ಲೆಕ್ಕ ತೋರಿಸಿಬಿಡುತ್ತದೆ.

ಇನ್ನು ರೇಟು ಏರಿದಾಗಿನ ಮಾತು. 2023ರ ಜುಲೈಯಂಥ ತಿಂಗಳು ಬಂದಾಗ ಮಂಡಿಯಿಂದ ಬರುವ ದುಡ್ಡಿನಲ್ಲಿ ಮೊದಲು ಕೈಸಾಲ, ಆಮೇಲೆ ಒಡವೆ, ಆಮೇಲೆ ಅಂಗಡಿಯ ಉದ್ರಿ ತೀರಿಸಿ. ಉಳಿದದ್ದರಲ್ಲಿ ಹೊಸ ಬೋರ್‌ವೆಲ್ ಕೊರೆಸುವ ಆಸೆ ಎಲ್ಲರಿಗೂ ಬರುತ್ತದೆ. ಸಾವಿರದಿನ್ನೂರು ಅಡಿ ಹೋದರೂ ಧೂಳೇ ಬಂದ ಬೋರುಗಳು ಈ ನಾಲ್ಕು ತಾಲ್ಲೂಕಿನಲ್ಲಿ ಎಷ್ಟಿವೆಯೆಂದು ಯಾರಿಗೂ ಹೇಳಬೇಕಾಗಿಲ್ಲ. ಆ ದುಡ್ಡನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಆರು ತಿಂಗಳ ಕಂತಿನಷ್ಟು ಬೇರೆ ಖಾತೆ ಮಾಡಿ ಇಟ್ಟು, ಅದಾದ ಮೇಲೆ ಬೋರಿನ ಮಾತಾಡಿ. ಮಾವಿನ ತೋಟವನ್ನು ಹೂವಿನಲ್ಲೇ ಗುತ್ತಿಗೆಗೆ ಕೊಡುವವರು ಮುಂಗಡದ ರಸೀದಿ ಬರೆಸಿಕೊಳ್ಳಿ, ಬಾಕಿ ಹಣ ಕಾಯಿ ಇಳಿಸುವ ಮುಂಚೆ ಕೊಡಬೇಕೆಂದು ಅದರಲ್ಲೇ ಸೇರಿಸಿ. ತೋತಾಪುರಿ ಒಂದನ್ನೇ ನಂಬಿದ ತೋಟಗಳಲ್ಲಿ ಕೆಲವು ಮರಗಳಿಗಾದರೂ ಬಾದಾಮಿ, ಮಲ್ಲಿಕಾ ಕಸಿ ಕಟ್ಟಿಸಿದರೆ ಕಾರ್ಖಾನೆಯ ಬಾಗಿಲು ಮುಚ್ಚಿದ ವರ್ಷ ತಿನ್ನುವ ಹಣ್ಣಿನ ಗಿರಾಕಿಯಾದರೂ ಸಿಗುತ್ತಾನೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ, ಶ್ರೀನಿವಾಸಪುರದ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಈ ಕಸಿಯ ಬಗ್ಗೆ ಕೇಳಬಹುದು. ಕಸಿ ಕಟ್ಟಿದ ಕೊಂಬೆ ಕಾಯಿ ಕೊಡಲು ಎರಡು ಮೂರು ವರ್ಷ ಬೇಕಾದ್ದರಿಂದ ಕೇಳಬೇಕಾದ್ದು ರೇಟು ಚೆನ್ನಾಗಿರುವ ವರ್ಷವೇ.